ಇಸ್ತ್ರಿ ಕೇಳಿದವಳ ಊರಿಗೆ

ಫಿಂಟಾಸ್

ಯುರೋಪು ನೋಡಿ ಬಂದೆ ಎಂದರೆ ಊರಿನಲ್ಲಿ ಎಲ್ಲರೂ ಲಂಡನ್ನೋ ಪ್ಯಾರಿಸ್ಸೋ ಎಂದು ಕೇಳುತ್ತಾರೆ. ಎರಡೂ ಅಲ್ಲ. ನಾನು ನೋಡಿ ಬಂದದ್ದು ಇಸ್ತ್ರಾ. ಅದು ಎಲ್ಲಿದೆಯೆಂದು ಕೇಳಿದವರಿಗೂ ಗೊತ್ತಿರುವುದಿಲ್ಲ, ಮೊದಲು ನನಗೂ ಗೊತ್ತಿರಲಿಲ್ಲ. ಗೊತ್ತಿರದೆ ಹೋದದ್ದರಿಂದಲೇ ಆ ಊರಿನ ಒಬ್ಬಳು ನನಗೆ ಗೆಳತಿಯಾದಳು.

ನಾವು ಬಸ್ರೂರು ಕಡೆಯ ಕೊಂಕಣಿಗರು. ನಮ್ಮ ಮನೆಯವರಿಗೆ ಅರಬರ ಕೊಲ್ಲಿ ನಾಡಿನ ಶುವೈಖ್ ಬಂದರಿನಲ್ಲಿ ಕೆಲಸ. ದೊಡ್ಡ ಹಡಗುಗಳನ್ನು ದಡಕ್ಕೆ ಎಳೆದು ತರುವ ಟಗ್ ಬೋಟುಗಳ ಎಂಜಿನ್ ನೋಡಿಕೊಳ್ಳುತ್ತಿದ್ದರು. ಮನೆ ಮಾತ್ರ ಫಿಂಟಾಸ್‌ನಲ್ಲಿ, ಕಿಟಕಿಯಿಂದ ಸಮುದ್ರ ಕಾಣುವ ಬಾಡಿಗೆ ಕಟ್ಟಡದಲ್ಲಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಎದುರುಮನೆಗೆ ಯುಗೊಸ್ಲಾವಿಯದ ಎಂಜಿನಿಯರರ ಸಂಸಾರ ಬರುತ್ತದೆಂದು ಕಟ್ಟಡದ ಕಾವಲುಗಾರ ಹೇಳಿದ್ದ. ಒಂದು ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿತು. ತೆರೆದರೆ ಜೋಳದ ಕೂದಲಿನ ಬಣ್ಣದ ತಲೆಯ, ಹೆಚ್ಚುಕಡಿಮೆ ನನ್ನದೇ ಪ್ರಾಯದ ಹೆಂಗಸು. ತನ್ನ ಎದೆಗೆ ಬೆರಳು ಮುಟ್ಟಿಸಿಕೊಂಡು, "ಇಸ್ತ್ರಾ... ಇಸ್ತ್ರಾ" ಎಂದಳು.

ಅವಳ ಅಂಗಿ ನೋಡಿದೆ. ಮುದುಡಿ ಮುದ್ದೆಯಾಗಿತ್ತು. ಪಾಪ, ಸಾಮಾನೆಲ್ಲ ಇನ್ನೂ ಹಡಗಿನಲ್ಲೇ ಇರಬೇಕು ಎಂದುಕೊಂಡು ಒಳಗೆ ಹೋಗಿ ಇಸ್ತ್ರಿ ಪೆಟ್ಟಿಗೆ ತಂದು ಅವಳ ಕೈಯಲ್ಲಿಟ್ಟೆ. "ನಿಧಾನಕ್ಕೆ ಕೊಟ್ಟರೆ ಸಾಕು" ಎಂದು ಕನ್ನಡದಲ್ಲೇ ಹೇಳಿದೆ. ಅವಳು ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ತೆಗೆದುಕೊಂಡು ಹೋದಳು.

ಮರುದಿನ ಪೆಟ್ಟಿಗೆ ವಾಪಸು ಬಂತು. ಜೊತೆಗೆ ಅಂಜೂರ ಹಾಕಿದ ಕೇಕು ಮತ್ತು ಒಂದು ಭೂಪಟ. ಇಟಲಿಯ ಪಕ್ಕದ ಏಡ್ರಿಯಾಟಿಕ್ ಸಮುದ್ರದೊಳಕ್ಕೆ ಹಸುವಿನ ಕೆಚ್ಚಲಿನ ಹಾಗೆ ಇಳಿಬಿದ್ದ ಒಂದು ತುಂಡು ನೆಲದ ಮೇಲೆ ಬೆರಳಿಟ್ಟು ಅವಳು, "ಇಸ್ತ್ರಾ. ನಾನು" ಎಂದಳು. ನನಗೆ ನಾಚಿಕೆಯಾಯಿತು. ಅವಳು ಮಾತ್ರ ಗೋಡೆ ಹಿಡಿದುಕೊಂಡು ನಕ್ಕಳು. ಹೆಸರು ನೀವೆಸ್ ಎಂದಳು.

ಇವರು ಕೆಲಸದಿಂದ ಬಂದು ಎಲ್ಲ ಕೇಳಿ, "ಎಂತ ಹೆಸರು ಮಾರಾಯ್ತಿ! ಕರೆದರೆ ಸಾಕು, 'ನೀವು' ಅಂತ ಮರ್ಯಾದೆಯೂ ಕೊಟ್ಟ ಹಾಗಾಗ್ತದೆ" ಎಂದರು.

ಆಮೇಲೆ ಎರಡು ಮನೆಯ ಬಾಗಿಲುಗಳೂ ಹಗಲೆಲ್ಲ ತೆರೆದೇ ಇರುತ್ತಿದ್ದವು. ನನ್ನ ಹರಕು ಇಂಗ್ಲಿಷನ್ನು ಹೊಲಿದು ಕೊಟ್ಟವಳು ಅವಳೇ. ಅವಳಿಗೆ ಬೇಳೆಸಾರು, ನನಗೆ ಅವಳ ಊರಿನ ಕಥೆ. ಅವಳ ಅಪ್ಪ ಊರಿನ ಒಳನಾಡಿನ ಹಳ್ಳಿಯವನು, ಕ್ರೊಯೇಷಿಯಾದ ಮಾತಿನವನು. ಅಮ್ಮ ಕಡಲತಡಿಯ ಪೇಟೆಯವಳು, ಇಟಲಿಯ ಕಡೆಯ ಮಾತಿನವಳು. ಅಪ್ಪ ಹುಟ್ಟುವಾಗ ಆ ಊರು ಆಸ್ಟ್ರಿಯಾದ ರಾಜನದ್ದಂತೆ. ಶಾಲೆಗೆ ಹೋಗುವಾಗ ಇಟಲಿಯದ್ದು. ಮಕ್ಕಳಾಗಿ ಅವರು ಬೆಳೆಯುವ ಹೊತ್ತಿಗೆ ಯುಗೊಸ್ಲಾವಿಯದ್ದು. ಅಪ್ಪನ ದೋಣಿ ಕಟ್ಟುವ ಗೂಟ ಮಾತ್ರ ಇದ್ದಲ್ಲೇ ಇತ್ತು.

ಆ ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ದಿನಕ್ಕೆ ಸಮಾಧಿಗೆ ಕಲ್ಲು ನಿಲ್ಲಿಸಬೇಕು. ಕಲ್ಲು ಸಿದ್ಧ, ಹೆಸರೇ ಸಿದ್ಧವಿಲ್ಲ. ನೀವೆಸ್‌ಗೆ ಅಪ್ಪನ ಹೆಸರು ಇವಾನ್ ಎಂದಿರಬೇಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಗಡಿಯಾಚೆ ಇಟಲಿಯ ಟ್ರಿಯೆಸ್ತೆಗೆ ಹೋಗಿ ನೆಲೆಸಿದ ಅವಳ ಅಣ್ಣ ಬ್ರೂನೋಗೆ ಜೊವಾನ್ನಿ ಎಂದಿರಬೇಕು. ಎರಡೂ ಒಂದೇ ಹೆಸರಂತೆ, ಎರಡು ಭಾಷೆಯಲ್ಲಿ. ಅಮ್ಮ ಫೋನಿನಲ್ಲಿ ಇಬ್ಬರಿಗೂ "ಹೌದು ಹೌದು" ಅನ್ನುತ್ತಿದ್ದಳಂತೆ.

ಆ ಬೇಸಿಗೆಯಲ್ಲೇ ಇವರ ಕಂಪೆನಿಗೆ ಹೊಸ ಟಗ್ ಬೋಟೊಂದು ಇಸ್ತ್ರಾದ ಪೂಲಾ ಎಂಬ ಊರಿನಲ್ಲಿ ತಯಾರಾಗುತ್ತಿತ್ತು. ಎಂಜಿನ್ ಕಲಿಯಲು ಇವರನ್ನು ಕಳಿಸಿದರು. ಮಕ್ಕಳು ರಜೆಗೆ ಬಸ್ರೂರಿಗೆ ಹೋಗಿದ್ದರು. ನೀವೆಸ್ ಏಳು ತಿಂಗಳ ಬಸುರಿ. ಡಾಕ್ಟರು ವಿಮಾನ ಹತ್ತಬೇಡಿ ಎಂದಿದ್ದರು. ಒಂದು ಬೆಳಿಗ್ಗೆ ಅವಳು ನನ್ನ ಅಡಿಗೆಮನೆಯ ಸ್ಟೂಲಿನ ಮೇಲೆ ಕುಳಿತು, "ರಾಧಾ, ನೀನೂ ಹೋಗು. ಅಮ್ಮನ ಜೊತೆ ಇರು" ಎಂದಳು.

"ನಾನಾ? ನಾನು ಹೋಗಿ ಎಂತ ಮಾಡ್ಲಿ?"

"ಅಪ್ಪನನ್ನು ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಇಟಲಿಯವರು ಹೊಡೆದಿದ್ದರು. ಹೆಸರನ್ನೂ ಅವರೇ ಬದಲಿಸಿ ಬರೆದಿದ್ದರು. ಈಗ ಕಲ್ಲಿನ ಮೇಲೂ ಅವರ ಹೆಸರೇ ಬಂದರೆ ಹೊಡೆದವರು ಗೆದ್ದ ಹಾಗೆ. ಅಮ್ಮನಿಗೆ ಹೇಳು. ನನ್ನ ಬಾಯಾಗಿ ಹೇಳು."

"ನಿನ್ನ ಅಮ್ಮನ ಭಾಷೆ ನನಗೆಲ್ಲಿ ಬರ್ತದೆ?"

"ಬ್ರೂನೋ ಭಾನುವಾರ ಬರ್ತಾನೆ. ಹಡಗಿನಲ್ಲಿ ಇದ್ದವನು, ಇಂಗ್ಲಿಷ್ ಬರ್ತದೆ."

"ಅವನ ವಿರುದ್ಧದ ಮಾತನ್ನು ಅವನ ಬಾಯಲ್ಲೇ ಹೇಳಿಸಬೇಕಾ?"

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಬೇರೆ ಯಾರಿದ್ದಾರೆ?" ಎಂದಳು. ಬಸುರಿಯ ಮಾತು ತಳ್ಳಬಾರದು. ವೆಂಕಟರಮಣನ ಪಟವನ್ನು ಸೀರೆಯ ಮಡಿಕೆಯಲ್ಲಿಟ್ಟು ಪೆಟ್ಟಿಗೆ ಕಟ್ಟಿದೆ.

ಎರಡು ಹೆಸರಿನ ಬಸ್ ನಿಲ್ದಾಣ

ಪೂಲಾದಲ್ಲಿ ಕಲ್ಲಿನ ಒಂದು ಬೃಹತ್ ವೃತ್ತವಿದೆ. ಹಿಂದೆ ರೋಮಿನವರು ಮನುಷ್ಯರನ್ನೂ ಮೃಗಗಳನ್ನೂ ಕಾದಾಡಿಸುತ್ತಿದ್ದ ಜಾಗವಂತೆ. "ಕಂಬಳದ ಗದ್ದೆಗೆ ಗೋಡೆ ಕಟ್ಟಿದ ಹಾಗೆ ಉಂಟಲ್ಲ" ಎಂದರು ಇವರು. ಇವರಿಗೆ ಕೊಟ್ಟ ಕೋಣೆ ಗಂಡಸರ ವಸತಿಯಲ್ಲಿ. ನಾನು ಒಬ್ಬಳೇ ಬಸ್ಸಿನಲ್ಲಿ ನೀವೆಸ್‌ಳ ಅಮ್ಮನ ಊರಾದ ರೊವಿನ್‌ಗೆ ಹೋಗಬೇಕಾಯಿತು. ಕಂಡಕ್ಟರಿಗೆ ಇವರು ಸನ್ನೆಯಲ್ಲೇ ಎಲ್ಲ ಹೇಳಿ, ನನಗೆ, "ಹೆದರಬೇಡ, ಊರಿನ ಹೆಸರು ಬೋರ್ಡಿನಲ್ಲಿ ಇರ್ತದೆ" ಎಂದರು.

ಬೋರ್ಡಿನಲ್ಲಿ ಇತ್ತು. ಅದೇ ತೊಂದರೆ. "ರೊವಿನ್" ಎಂದು ಒಂದು ಹೆಸರು, ಅದರ ಕೆಳಗೆ "ರೊವಿನ್ಯೋ" ಎಂದು ಇನ್ನೊಂದು. ನಮ್ಮಲ್ಲಿ ಬೋರ್ಡಿನಲ್ಲಿ ಎರಡು ಹೆಸರಿದ್ದರೆ ಒಂದು ಹೊರಡುವ ಊರು, ಇನ್ನೊಂದು ಮುಟ್ಟುವ ಊರು. ಕುಂದಾಪುರ, ಉಡುಪಿ. ಇದು ಎಲ್ಲೋ ನಡುವಿನ ನಿಲ್ದಾಣ, ಇಲ್ಲಿಂದ ಮುಂದೆ ಆ ಇನ್ನೊಂದು ಊರು ಬರುತ್ತದೆ, ಇಳಿಯುವುದು ಯಾವುದರಲ್ಲಿ ಎಂದು ಯೋಚಿಸುತ್ತ ಕುಳಿತೇ ಇದ್ದೆ. ಎಲ್ಲರೂ ಇಳಿದರು. ಡ್ರೈವರ್ ಸಿಗರೇಟು ಹಚ್ಚಿದ. ಬಸ್ಸು ಗುಡಿಸಲು ಪೊರಕೆ ಹಿಡಿದು ಒಬ್ಬಳು ಬಂದಳು. ನಾನು ಕಾಲೆತ್ತಿ ಕೊಟ್ಟೆ, ಅವಳು ಕೆಳಗೆ ಗುಡಿಸಿದಳು.

ಕೊನೆಗೆ ಹೊರಗಿನಿಂದ ಯಾರೋ ಕಿಟಕಿಯ ಗಾಜು ತಟ್ಟಿದರು. ಕಪ್ಪು ಲಂಗ, ತಲೆಗೆ ಕಪ್ಪು ವಸ್ತ್ರ ಕಟ್ಟಿದ ಅಜ್ಜಿ, ನೀವೆಸ್‌ಳ ಅಮ್ಮ. ನನ್ನ ಸೀರೆ ನೋಡಿಯೇ ಗುರುತು ಹಿಡಿದಿದ್ದರು. ಎಲ್ಲರೂ ಅವರನ್ನು ನೋನಾ ಎನ್ನುತ್ತಿದ್ದರು, ಅಜ್ಜಿ ಎಂದು ಅರ್ಥ; ನಾನೂ ಹಾಗೇ ಕರೆದೆ. ಅವರು ಬೋರ್ಡಿನ ಮೊದಲನೆಯ ಹೆಸರು ತೋರಿಸಿ ನೆಲಕ್ಕೆ ಕಾಲು ಕುಟ್ಟಿದರು, ಎರಡನೆಯದನ್ನು ತೋರಿಸಿ ಅದೇ ಜಾಗಕ್ಕೆ ಮತ್ತೊಮ್ಮೆ ಕಾಲು ಕುಟ್ಟಿದರು. ಆಗ ಅರ್ಥವಾಯಿತು.

ನೋನಾ ಮನೆ

ಸಮುದ್ರದ ನೀರಿನಿಂದಲೇ ಎದ್ದ ಹಾಗಿರುವ ಕಿರುಮನೆಗಳು, ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ, ಕಾಲು ಜಾರುವಷ್ಟು ನುಣುಪಾದ ಕಲ್ಲಿನ ಓಣಿ. ಬಾಗಿಲ ಮುಂದೆ ನಿಂತು ನೋನಾ ಲಂಗದ ಜೇಬು ತಡಕಿ, "ಚಾವೆ! ಚಾವೆ!" ಎಂದು ಕೂಗಿಕೊಂಡರು. ನಾವು ಕೊಂಕಣಿಯಲ್ಲಿ ಬೀಗದ ಕೈಗೆ ಚಾವಿ ಎನ್ನುವುದು. ಅವರ ಬೆನ್ನ ಹಿಂದೆ ಸೊಂಟದಲ್ಲೇ ನೇತಾಡುತ್ತಿದ್ದ ಬೀಗದ ಕೈ ಹಿಡಿದು ಕೊಟ್ಟೆ. ಮುದುಕಿ ನನ್ನ ಕೆನ್ನೆ ಹಿಂಡಿ ಎರಡೂ ಕಡೆ ಮುತ್ತಿಟ್ಟರು. ಹೊತ್ತು ಮುಳುಗುವ ಮೊದಲೇ ನಮಗಿಬ್ಬರಿಗೂ ಅರ್ಥವಾಗುವ ಒಂದು ಶಬ್ದ ಸಿಕ್ಕಿತು; ಅದೂ ಬಾಗಿಲು ತೆರೆಯುವ ಶಬ್ದ. ಇದಕ್ಕಿಂತ ಒಳ್ಳೆಯ ಶಕುನ ಇರುತ್ತದೆಯೆ?

ವಿದೇಶದವರು ಬಂದರೆ ಕಚೇರಿಯಲ್ಲಿ ಹೆಸರು ಕೊಡಬೇಕು. ಅಲ್ಲಿನ ಹುಡುಗಿ ಇಂಗ್ಲಿಷಿನಲ್ಲಿ ಗಂಡನ ಹೆಸರು ಕೇಳಿದಳು. ನಾನು ಸುಮ್ಮನಿದ್ದೆ. ಮತ್ತೆ ಕೇಳಿದಳು. ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಇವರ ಆಯುಷ್ಯಕ್ಕೆ ಕೇಡು ಎಂದು ಅಮ್ಮ ಕಲಿಸಿದ್ದು. "ಗಂಡನ ಹೆಸರು ಗೊತ್ತಿಲ್ಲವೆ?" ಎಂದು ಅವಳು ಕನ್ನಡಕ ತೆಗೆದಳು. ಪಾಸ್‌ಪೋರ್ಟಿನಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ನೋನಾ ಪಕ್ಕದಲ್ಲೇ ನಿಂತು ಇದನ್ನೆಲ್ಲ ನೋಡುತ್ತಿದ್ದರು.

ನಮಗೆ ಶ್ರಾವಣ ಮಾಸ, ಮೀನು ತಿನ್ನುವುದಿಲ್ಲ. ನೋನಾ ಹುರಿದ ಬೂತಾಯಿಯಂಥ ಮೀನು ಇಟ್ಟಾಗ ಕೈಮುಗಿದು ಆಕಾಶ ತೋರಿಸಿದೆ. ಅವರು ತಮ್ಮ ಉಪವಾಸದ ಹಾಗೆ ಇದೂ ಒಂದು ಎಂದು ತಿಳಿದುಕೊಂಡು ತಲೆಯಾಡಿಸಿ, ಮೀನನ್ನು ಬೆಕ್ಕಿಗೆ ಹಾಕಿ, ಮೆಕ್ಕೆಜೋಳದ ಹಿಟ್ಟನ್ನು ಮುದ್ದೆಯ ಹಾಗೆ ತೊಳಸಿ, ಹಲಗೆಯ ಮೇಲೆ ಸುರಿದು, ದಾರದಿಂದ ಕುಯ್ದು ಕೊಟ್ಟರು. ಪೆಟ್ಟಿಗೆಯಲ್ಲಿದ್ದ ಉಪ್ಪಿನಕಾಯಿಯ ಜೊತೆ ಅಮೃತವಾಗಿತ್ತು. ದೇವರ ಪಟ ಇಟ್ಟು ದೀಪಕ್ಕೆ ಹುಡುಕುತ್ತಿದ್ದಾಗ ಬಟ್ಟಲಲ್ಲಿ ಆಲಿವ್ ಎಣ್ಣೆ ಹಾಕಿ, ಎಣ್ಣೆಯ ಮೇಲೆ ತೇಲುವ ಪುಟ್ಟ ಬತ್ತಿ ಹಚ್ಚಿಕೊಟ್ಟವರೂ ಅವರೇ. ತಮ್ಮ ಸತ್ತವರಿಗೆ ಹಚ್ಚುವ ಬತ್ತಿ ಅದು ಎಂದು ಆಮೇಲೆ ಗೊತ್ತಾಯಿತು. ಇರಲಿ. ನಮ್ಮ ವೆಂಕಟರಮಣ ಅವರ ದೇವಮಾತೆಯ ಪಟದ ಪಕ್ಕ ಒಂದೇ ಬೆಳಕಿನಲ್ಲಿ ಕುಳಿತ.

ನೋನಾ ಮಾತಾಡುವುದನ್ನು ಕೇಳುತ್ತ ಕೇಳುತ್ತ ಒಂದು ಗಮನಿಸಿದೆ. ಕೋಳಿಮೊಟ್ಟೆ ಎಣಿಸುವಾಗ ಒಂದು ಭಾಷೆ, ಜಪಮಾಲೆ ಹಿಡಿದಾಗ ಇನ್ನೊಂದು, ಬೆಕ್ಕನ್ನು ಬೈಯುವಾಗ ಮತ್ತೊಂದು. ನನಗೆ ವಿಚಿತ್ರ ಅನ್ನಿಸಲಿಲ್ಲ. ನಾನೂ ಲೆಕ್ಕ ಮಾಡುವುದು ಕನ್ನಡದಲ್ಲಿ, ಸ್ತೋತ್ರ ಹೇಳುವುದು ಸಂಸ್ಕೃತದಲ್ಲಿ, ಸಿಟ್ಟು ಬಂದರೆ ಕೊಂಕಣಿ, ನಮ್ಮ ಮನೆ ಹತ್ತಿರದ ಫಹಾಹೀಲ್ ಮಾರ್ಕೆಟಿನಲ್ಲಿ "ಖಲಾಸ್" ಎಂದು ಚೌಕಾಸಿ ಮುಗಿಸುವುದು ಅರಬಿಯಲ್ಲಿ. ಯಾರಾದರೂ ನೀನು ಯಾವ ಭಾಷೆಯವಳು ಎಂದರೆ ಯಾವ ಹೊತ್ತಿನಲ್ಲಿ ಎಂದು ತಿರುಗಿ ಕೇಳಬೇಕಾಗುತ್ತದೆ.

ಸಂಜೆಯಾದರೆ ನೋನಾ ಗಂಡನ ಫೋಟೋದ ಮುಂದೆ ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳುತ್ತಿದ್ದರು. ಫೋಟೋದ ಪಕ್ಕದ ಕಿಟಕಿಯಿಂದ ಗುಡ್ಡದ ಮೇಲಿನ ಇಗರ್ಜಿ ಕಾಣುತ್ತದೆ. ಅದರ ಗೋಪುರದ ತುದಿಯಲ್ಲಿ ಒಬ್ಬ ಸಂತಳ ತಾಮ್ರದ ಮೂರ್ತಿ. ಗಾಳಿ ಬೀಸಿದ ಕಡೆಗೆ ಆ ಮೂರ್ತಿ ತಿರುಗುತ್ತದೆ. ನೋನಾ ಅತ್ತ ಮುಖ ಮಾಡಿ, "ತೀ... ತೀ..." ಎಂದು ಗದರುವರು, ನಗುವರು, ಕಣ್ಣೊರಸುವರು. ನಮ್ಮ ಕೊಂಕಣಿಯಲ್ಲಿ 'ತೀ' ಎಂದರೆ ಅವಳು. ಆ ಸಂತಳನ್ನೇ ಹೀಗೆ ಸಲಿಗೆಯಿಂದ ಕರೆಯುತ್ತಾರೆ ಎಂದು ಲೆಕ್ಕ ಹಾಕಿದೆ. ನನಗೂ ಸಿಟ್ಟು ಬಂದಾಗ ವೆಂಕಟರಮಣನಿಗೆ ಏಕವಚನವೇ.

ಒಂದು ದಿನ ಗುಡ್ಡ ಹತ್ತಿ ಆ ಸಂತಳ ಕಲ್ಲಿನ ಪೆಟ್ಟಿಗೆಯನ್ನೂ ಕಂಡೆವು. ದೂರದ ಊರಿನಲ್ಲಿ ಧರ್ಮಕ್ಕಾಗಿ ಪ್ರಾಣ ಬಿಟ್ಟವಳಂತೆ. ಆ ಭಾರದ ಕಲ್ಲಿನ ಪೆಟ್ಟಿಗೆ ಸಮುದ್ರದ ಮೇಲೆ ತಾನಾಗಿಯೇ ತೇಲಿ ಬಂದು ಈ ದಡ ಮುಟ್ಟಿತಂತೆ. ಗೋಡೆಯ ಮೇಲಿನ ಚಿತ್ರ ತೋರಿಸುತ್ತ ನೋನಾ ಕೈಯಲ್ಲೇ ಅಲೆ ಮಾಡಿ ವಿವರಿಸಿದರು. ನಾನು ಕೈಮುಗಿದೆ. ಉಡುಪಿಯ ಕೃಷ್ಣನೂ ಹಡಗಿನಲ್ಲಿ ಗೋಪಿಚಂದನದ ಹೆಂಟೆಯೊಳಗೆ ಅಡಗಿ ಮಲ್ಪೆಯ ಕಡಲಿಗೆ ಬಂದವನಲ್ಲವೆ. ಕಡಲತಡಿಯವರಿಗೆ ದೇವರೂ ನೀರಿನ ಮೇಲೆಯೇ ಬರಬೇಕು. ಬಂದ ಮೇಲೆ ಯಾರೂ ಅವನ ಮೂಲ ಊರು ಕೇಳುವುದಿಲ್ಲ. ಮನುಷ್ಯರನ್ನು ಮಾತ್ರ ಅದನ್ನು ಕೇಳುತ್ತಲೇ ಇರುತ್ತಾರೆ.

ಭಾನುವಾರದ ಊಟ

ಆ ದಿನ ಬೆಳಿಗ್ಗೆ ಇವರು ಪೂಲಾದಿಂದ ಬಂದರು. ಕಿಟಕಿಯಿಂದ ನೋಡಿದರೆ ಬಂದರಿನ ಜನರ ನಡುವೆ ತಪ್ಪು ಓಣಿಗೆ ತಿರುಗುತ್ತಿದ್ದಾರೆ. "ಹ್ವಾಯ್!" ಎಂದು ಕೂಗಿದೆ, ಮನೆಯಲ್ಲಿ ಕರೆಯುವ ಹಾಗೆ. ಅಷ್ಟು ಜನರಲ್ಲಿ ತಿರುಗಿದ್ದು ಇವರೊಬ್ಬರೇ. ನೋನಾ ನನ್ನ ಹಿಂದೆಯೇ ನಿಂತಿದ್ದರು.

ಮಧ್ಯಾಹ್ನಕ್ಕೆ ಬ್ರೂನೋ ಬಂದ. ಐವತ್ತರ ಹತ್ತಿರದ ಆಜಾನುಬಾಹು, ಕೈಯಲ್ಲಿ ಕಾಫಿಪುಡಿಯ ಪೊಟ್ಟಣಗಳು. ಆಗ ಅಲ್ಲಿ ಕಾಫಿಪುಡಿ ಸಿಗುವುದೇ ಕಷ್ಟ, ಟ್ರಿಯೆಸ್ತೆಯಿಂದ ಬರುವವರು ಹೊತ್ತು ತರಬೇಕು. "ಮಿಸಿಸ್, ನಾನು ಬಾಂಬೆ ನೋಡಿದ್ದೇನೆ. ತುಂಬ ಬಿಸಿ, ತುಂಬ ಬಾಳೆಹಣ್ಣು" ಎಂದ. ನನಗೆ ಮೊದಲೇ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ನಗು ಥೇಟ್ ನೀವೆಸ್‌ಳದ್ದೇ.

ಊಟದ ನಡುವೆ ನೋನಾ ಏನೋ ಕೇಳಿದರು. ಬ್ರೂನೋ ನನ್ನ ಕಡೆ ತಿರುಗಿ, "ಅಮ್ಮ ಕೇಳ್ತಾಳೆ, ನಿನ್ನ ಗಂಡನ ಹೆಸರು ಹ್ವಾಯ್ ಅಂತಲಾ?" ಎಂದ.

ಇವರಿಗೆ ತುತ್ತು ನೆತ್ತಿಗೇರಿತು. "ಹೌದು ಹೌದು, ಮದುವೆ ಆದಂದಿನಿಂದ ಅದೇ ನನ್ನ ಹೆಸರು. ಅಪ್ಪ-ಅಮ್ಮ ಇಟ್ಟದ್ದನ್ನು ಇವಳು ಒಂದು ದಿನವೂ ಹೇಳಿದ್ದಿಲ್ಲ" ಎಂದರು. ಬ್ರೂನೋ ಅದನ್ನು ಹೇಳಿದ. ನೋನಾ ಮೇಜು ಗುದ್ದಿ ನಕ್ಕರು. ನಗು ನಿಂತ ಮೇಲೆ ನನ್ನನ್ನೇ ನೋಡುತ್ತಿದ್ದರು.

ಇನ್ನು ತಡ ಮಾಡಿದರೆ ಧೈರ್ಯ ಹೋಗುತ್ತದೆ ಎಂದು, ನಾನು ಬ್ರೂನೋಗೆ, "ನಾನು ಒಂದು ಮಾತು ಹೇಳ್ತೇನೆ. ಅದು ನಿಮ್ಮ ತಂಗಿಯದ್ದು. ನಿಮಗೆ ಹಿಡಿಸ್ಲಿಕ್ಕಿಲ್ಲ. ಹಾಗೇ ಹೇಳ್ತೀರಾ?" ಎಂದೆ.

"ಹಡಗಿನಲ್ಲಿ ಕ್ಯಾಪ್ಟನ್ ಬೈದದ್ದನ್ನು ಹುಡುಗರಿಗೆ ಹಾಗೇ ಹೇಳಿದವನು ನಾನು. ಹೇಳಿ."

ಶಾಲೆಯ ಏಟು, ಬದಲಿಸಿದ ಹೆಸರು, ಹೊಡೆದವರು ಗೆಲ್ಲಬಾರದು ಎಂಬುದು, ಇವಾನ್ ಎಂದೇ ಇರಬೇಕೆಂಬುದು, ಎಲ್ಲ ಹೇಳಿದೆ. ಅವನು ಬ್ರೆಡ್ಡಿನ ಚೂರನ್ನು ಉರುಟಾಗಿ ತಿರುವುತ್ತ ಒಂದೊಂದೇ ಮಾತು ಅಮ್ಮನಿಗೆ ದಾಟಿಸಿದ. ನನಗೆ ಭಾಷೆ ಗೊತ್ತಿಲ್ಲ, ಆದರೆ ಇವಾನ್ ಎಂಬಲ್ಲಿ ಅವನು ಅದನ್ನು ನುಂಗಲಿಲ್ಲ ಎಂಬುದು ಕೇಳಿಸಿತು. ಬೇಕಿದ್ದರೆ ನುಂಗಬಹುದಿತ್ತು. ಅದಕ್ಕಾಗಿ ಅವನ ಮೇಲೆ ಗೌರವ ಬಂತು.

ಆಮೇಲೆ ಅವನು ನನಗೆ ಹೇಳಿದ. "ಯುದ್ಧ ಮುಗಿದು, ಇಟಲಿಯ ಮಾತಿನವರೆಲ್ಲ ಹೊರಟು ಊರು ಖಾಲಿಯಾಗುವಾಗ ಓಣಿಯಲ್ಲೆಲ್ಲ ಮೊಳೆ ಹೊಡೆಯುವ ಸದ್ದು. ಜನ ಮಂಚ, ಮೇಜು, ಒಲೆ ಎಲ್ಲ ಪೆಟ್ಟಿಗೆ ಮಾಡ್ತಿದ್ದರು. ಅಪ್ಪ-ಅಮ್ಮ ಉಳಿದರು, ದೋಣಿ ಬಿಟ್ಟು ಅಪ್ಪ ಬದುಕುವವನಲ್ಲ. ನನ್ನನ್ನು ಚಿಕ್ಕಮ್ಮನ ಜೊತೆ ಹಡಗು ಹತ್ತಿಸಿದರು. ನಾನು ಸಣ್ಣವನು. ಹತ್ತಿಸುವಾಗ ಅಪ್ಪ ಹೇಳಿದ, ಯಾರು ಕೇಳಿದರೂ ಜೊವಾನ್ನಿಯ ಮಗ ಅನ್ನು, ಇವಾನನ ಮಗ ಅನ್ನಬೇಡ, ಅಲ್ಲಿ ನಿನ್ನನ್ನು ಬಾಳಗೊಡುವುದಿಲ್ಲ. ಮಿಸಿಸ್, ಅಪ್ಪ ನನಗೆ ಕೊಟ್ಟು ಕಳಿಸಿದ್ದು ಅದೊಂದೇ."

ಗೋವೆಯಲ್ಲಿ ಬದುಕಲಾಗದೆ ದೇವರನ್ನು ಹೊತ್ತು ದೋಣಿಯಲ್ಲಿ ಇಳಿದು ಬಂದ ನಮ್ಮ ಹಿರಿಯರ ಕಥೆ ನನಗೆ ನೆನಪಾಯಿತು. ಹೊತ್ತು ತಂದವರ ಕಥೆಯನ್ನೇ ಹೇಳುತ್ತ ಬಂದಿದ್ದೇವೆ. ಅಲ್ಲೇ ಉಳಿದವರು ಏನಾದರು, ಯಾವ ಹೆಸರಿನಲ್ಲಿ ಬಾಳಿದರು, ನಮ್ಮ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ.

ನೋನಾ ಮಗನ ಮೂಲಕ ನನ್ನನ್ನು ಕೇಳಿದರು. "ನಿಮ್ಮಲ್ಲಿ ಹೆಸರು ಬದಲಾದರೆ ಏನು ಮಾಡ್ತೀರಿ?"

"ನನ್ನದೇ ಬದಲಾಗಿದೆ" ಎಂದೆ. "ತವರಲ್ಲಿ ಸುಮನಾ. ಮದುವೆಯ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಇವರ ಕೈಯಲ್ಲಿ ಉಂಗುರದಿಂದ ಅದರ ಮೇಲೆ ರಾಧಾ ಅಂತ ಬರೆಸಿದರು. ನಮ್ಮವರ ಪದ್ಧತಿ. ಮಾರನೇ ದಿನ ಆ ಅಕ್ಕಿಯಿಂದಲೇ ಅನ್ನ ಮಾಡಿದರೋ ಏನೋ."

"ನೀನು ಅತ್ತಿಯಾ?"

"ಸ್ವಲ್ಪ. ಆದರೆ ಅಮ್ಮ ಸಾಯುವ ತನಕ ಸುಮನಾ ಅಂತಲೇ ಕರೆದಳು. ಅತ್ತೆ ರಾಧಾ ಅಂತ ಕರೆದರು. ಯಾರು ಕರೆದರೂ ಹೋದವಳು ನಾನೇ."

ಬ್ರೂನೋ ಅದನ್ನು ನಿಧಾನವಾಗಿ ಹೇಳಿದ. ನೋನಾ ಎದ್ದರು. ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಒಳಗೆ ಹೋದರು. ಆ ಸಂಜೆ ಬ್ರೂನೋ ಟ್ರಿಯೆಸ್ತೆಗೆ, ಇವರು ಪೂಲಾಗೆ ಹೊರಟರು. ಓಣಿಯ ತಿರುವಿನಲ್ಲಿ ಇವರು, "ಹೇಳುವುದು ಹೇಳಿ ಆಯ್ತಲ್ಲ. ಇನ್ನು ಸುಮ್ಮನಿರು ಮಾರಾಯ್ತಿ" ಎಂದರು.

ಕಲ್ಲು ಕೆತ್ತುವವನ ಅಂಗಳ

ಮರುದಿನ ಬೆಳಿಗ್ಗೆ ನೋನಾ ತಲೆಗೆ ಒಗೆದ ವಸ್ತ್ರ ಕಟ್ಟಿಕೊಂಡು ನನ್ನ ಕೈ ಹಿಡಿದು ಎಬ್ಬಿಸಿದರು. ಸ್ಮಶಾನದ ಬೇಲಿಗೆ ತಾಗಿ ಕಲ್ಲು ಕೆತ್ತುವವನ ಅಂಗಳ. ಆ ಊರಿನ ಕಲ್ಲು ಬೆಣ್ಣೆಯ ಹಾಗೆ ಬಿಳಿ. ಗೋಡೆಗೆ ಒರಗಿಸಿದ ಒಂದು ಕಲ್ಲಿನ ಮೇಲೆ ಶಿಲುಬೆ ಇತ್ತು. ಪಿಂಗಾಣಿಯ ಮೇಲೆ ಮೂಡಿಸಿದ ಗಂಡನ ಫೋಟೋವನ್ನು ಕೂರಿಸಿ ಆಗಿತ್ತು. ಕೆಳಗೆ ಮಾತ್ರ ನುಣುಪು, ಖಾಲಿ.

ಕಲ್ಲಿನವನು ಸೀಮೆಸುಣ್ಣ ಹಿಡಿದು ಕಾದ. ನೋನಾ ಬೆನ್ನು ನೆಟ್ಟಗೆ ಮಾಡಿ ಹೇಳಿದರು. "ತೀ."

ಅವನು ಮತ್ತೆ ಕೇಳಿದ. "ತೀ" ಎಂದರು ಮತ್ತೆ. ಅವನು ಬೆರಳು ಮಡಚಿ ಇವಾನ್, ಜೊವಾನ್ನಿ, ಮನೆತನದ ಹೆಸರು, ಅದರ ಬಾಲದ ಎರಡು ರೂಪ ಎಲ್ಲ ಹೇಳಿದ. ಪ್ರತಿಯೊಂದಕ್ಕೂ ನೋನಾ ನೊಣ ಓಡಿಸುವ ಹಾಗೆ ಕೈ ಬೀಸಿದರು. ಅವನು ತನ್ನ ಉಳಿ ತೋರಿಸಿ ಗೊಣಗಿದ. ಅವರ ಲಿಪಿಯಲ್ಲಿ ತೀ ಎರಡೇ ಅಕ್ಷರ; ಅಷ್ಟಕ್ಕೆ ಇದನ್ನು ಹರಿತ ಮಾಡಬೇಕಾ ಎಂದಿರಬೇಕು.

ನನಗೆ ಗಾಬರಿ. ತೀ ಎಂದರೆ ಅವಳು, ಅಂದರೆ ಆ ಸಂತಳು. ಮಕ್ಕಳ ಜಗಳ ಬೇಡವೆಂದು ಗಂಡನ ಕಲ್ಲಿನ ಮೇಲೆ ಸಂತಳ ಹೆಸರು ಹಾಕಿಸುತ್ತಿದ್ದಾರೆ! ನೀವೆಸ್‌ಗೆ ಏನು ಹೇಳಲಿ? ನೋನಾರ ತೋಳು ಹಿಡಿದು ಗುಡ್ಡದ ಗೋಪುರ ತೋರಿಸಿ, "ತೀ?" ಎಂದೆ.

ಅವರು ಗೋಪುರ ನೋಡಿದರು. ನನ್ನನ್ನು ನೋಡಿದರು. ಅಲ್ಲ ಅಲ್ಲ ಎಂದು ತಲೆಯಾಡಿಸಿ ನನ್ನನ್ನು ಅಂಗಳದ ತುದಿಗೆ ಎಳೆದುಕೊಂಡು ಹೋದರು. ಕೆಳಗೆ ಸಮುದ್ರ, ದೂರದಲ್ಲಿ ದೋಣಿಗಳು. ಎರಡೂ ಅಂಗೈ ಬಾಯಿಯ ಸುತ್ತ ಹಿಡಿದು, ಆ ಮುದುಕಿ ಎದೆಯಿಂದ ಕೂಗಿದರು.

"ಓ, ತೀ...!"

ದನಿ ನೀರಿನ ಮೇಲೆ ಹೋಯಿತು. ಯಾವ ದೋಣಿಯೂ ತಿರುಗಲಿಲ್ಲ. ನೋನಾ ಕೈ ಇಳಿಸಿ, ನನ್ನ ಎದೆಗೆ ಬೆರಳಿಟ್ಟು, "ಹ್ವಾಯ್" ಎಂದರು. ತಮ್ಮ ಎದೆಗೆ ಬೆರಳಿಟ್ಟು, "ತೀ" ಎಂದರು.

ಅವರೂ ಗಂಡನ ಹೆಸರು ಹಿಡಿದು ಕರೆದವರಲ್ಲ. ಸಂಜೆ ಸಂಜೆ ಗದರಿದ್ದು ಸಂತಳನ್ನಲ್ಲ, ಫೋಟೋದಲ್ಲಿದ್ದವರನ್ನು. ನಾನು ಸೆರಗಿನಿಂದ ಕಣ್ಣೊರಸಿಕೊಂಡೆ. ಕಲ್ಲಿನವನು ಗೊಣಗುವುದನ್ನು ನಿಲ್ಲಿಸಿ ಸೀಮೆಸುಣ್ಣದಲ್ಲಿ ಎರಡು ಅಕ್ಷರ ಬರೆದ. ನೋನಾ, ಇನ್ನೂ ದೊಡ್ಡದು, ಇನ್ನೂ ದೊಡ್ಡದು ಎಂದು ಕೈ ಅಗಲಿಸುತ್ತ ಹೋದರು.

ವರ್ಷದ ದಿನ ಕಲ್ಲು ನಿಂತಿತು. ಬ್ರೂನೋ ಟೋಪಿ ತೆಗೆದು ಅಕ್ಷರದ ಕುಳಿಯೊಳಗೆ ಹೆಬ್ಬೆರಳು ಎಳೆದ. "ತೀ ಅಂದರೆ ನೀನು. ಅಪ್ಪನ ಹಳ್ಳಿಯ ಮಾತಲ್ಲೂ ಅದೇ, ಅಮ್ಮನ ಪೇಟೆಯ ಮಾತಲ್ಲೂ ಅದೇ" ಎಂದ. ಮತ್ತೆ ಮೂಗು ಒರಸಿಕೊಂಡು, "ಅಮ್ಮ ಬೆಕ್ಕನ್ನೂ ತೀ ಅಂತಲೇ ಕರೆಯುವುದು. ಅಪ್ಪ ಸಿಟ್ಟು ಮಾಡಿಕೊಳ್ಳುತ್ತಿದ್ದ" ಎಂದ. ಅವನಿಗೆ ಒಪ್ಪಿಗೆಯಾಯಿತೋ ಇಲ್ಲವೋ ಅವನು ಹೇಳಲಿಲ್ಲ. ಹೋಗುವಾಗ ಕಲ್ಲಿಗೆ ಹಣೆ ತಾಗಿಸಿ ಹೋದ.

ಮತ್ತೆ ಫಿಂಟಾಸ್

ವಾಪಸು ಬಂದ ದಿನ ಧೂಳಿನ ಗಾಳಿ. ಕಿಟಕಿಯ ಸಂದಿಗಳಿಗೆ ಒದ್ದೆ ಟವೆಲ್ ತುರುಕಿ ನೀವೆಸ್ ಕಾಯುತ್ತಿದ್ದಳು. ನನ್ನ ಮುಖ ನೋಡಿದ್ದೇ, "ಜೊವಾನ್ನಿಯಾ?" ಎಂದಳು.

"ಅಲ್ಲ."

"ಇವಾನಾ?"

"ಅದೂ ಅಲ್ಲ." ನಡೆದದ್ದೆಲ್ಲ ಹೇಳಿದೆ.

"ಅದು ಹೆಸರಲ್ಲ ರಾಧಾ" ಎಂದಳು. "ಅಪ್ಪನಿಂದ ಅವರು ಹೆಸರು ಕಸಿದರು. ಈಗ ಕಲ್ಲಿನ ಮೇಲೂ ಇಲ್ಲ. ಅವನು ಏಟು ತಿಂದದ್ದು ಯಾರಿಗೆ ಗೊತ್ತಾಗ್ತದೆ ಇನ್ನು?"

ಅವಳು ಕೇಳಿದ್ದು ಸರಿ ಎಂದೇ ನನಗೆ ಈಗಲೂ ಅನಿಸುತ್ತದೆ. ಅವಳು ಬಾಗಿಲು ಹಾಕಿಕೊಂಡಳು. ಆ ಬಾಗಿಲು ಹಗಲಿನಲ್ಲಿ ಮುಚ್ಚಿದ್ದನ್ನು ನಾನು ನೋಡಿದ್ದು ಆಗಲೇ. ಬೇಳೆಸಾರು ಮಾಡಿ ಹೊರಗಿಟ್ಟು ಬಂದರೆ ಪಾತ್ರೆ ತೊಳೆದು ನಮ್ಮ ಹೊಸ್ತಿಲಲ್ಲಿ ಇರುತ್ತಿತ್ತು. ಅವಳು ಕಾಣುತ್ತಿರಲಿಲ್ಲ. ಸಾರು ಉಣ್ಣುತ್ತಿದ್ದಾಳಲ್ಲ, ಅಷ್ಟಾದರೂ ಉಂಟಲ್ಲ ಎಂದು ದೇವರ ಮುಂದೆ ದೀಪ ಹಚ್ಚುವಾಗ ಹೇಳಿಕೊಂಡೆ.

ಧೂಳು ಅಡಗಿ ಸಮುದ್ರ ಮತ್ತೆ ಕಂಡ ದಿನ ನಾನು ಇವರ ಕೆಲಸದ ಅಂಗಿ ಇಸ್ತ್ರಿ ಮಾಡುತ್ತಿದ್ದೆ. ಗಂಟೆ ಬಾರಿಸಿತು. ತೆರೆದರೆ ನೀವೆಸ್, ಹೊಟ್ಟೆ ಮುಂದೆ, ಕೈಯಲ್ಲಿ ಮಗುವಿಗೆಂದು ಹೊಲಿದ ಪುಟ್ಟ ಅಂಗಿಗಳ ರಾಶಿ. ಮೊದಲ ದಿನದ ಹಾಗೆಯೇ ಎದೆಗೆ ಬೆರಳು ಮುಟ್ಟಿಸಿಕೊಂಡು, ನಾನು ಕಲಿಸಿದ ಕನ್ನಡದಲ್ಲಿ, "ಇಸ್ತ್ರಿ ಉಂಟಾ?" ಎಂದಳು.

ಒಳಗೆ ಬಂದು ಮೇಜಿನ ಪಕ್ಕ ನಿಂತಳು. ಪೆಟ್ಟಿಗೆ ಬಿಸಿ ಇತ್ತು. ಒಂದು ಅಂಗಿ ಹರಡಿ, ತೋಳು ತೀಡಿ, ತಲೆಯೆತ್ತದೆ ಕೇಳಿದಳು. "ಅಕ್ಷರ ಎಷ್ಟು ದೊಡ್ಡದು?"

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. "ಸ್ಮಶಾನದ ಗೇಟಿನಿಂದಲೇ ಕಾಣ್ತದೆ."

ಅವಳು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಕಿಟಕಿಯಾಚೆ ಸಮುದ್ರ ನೋಡಿದಳು. ಅವಳ ಮುಖದಲ್ಲಿ ಆ ಅಣ್ಣನ ನಗುವೇ ಬಂತು.

"ಹೌದು" ಎಂದಳು. "ಅಮ್ಮ ಕೂಗುತ್ತಿದ್ದದ್ದೂ ಅಷ್ಟೇ ಜೋರಾಗಿ. ಬಂದರಿನಲ್ಲಿದ್ದ ಗಂಡಸರಿಗೆಲ್ಲ ಕೇಳಿಸುತ್ತಿತ್ತು. ತಿರುಗುತ್ತಿದ್ದದ್ದು ಮಾತ್ರ ಅಪ್ಪ ಒಬ್ಬನೇ."